ತಿರುಗಿ ಹೇಳಿದರೂ ತಪ್ಪಾಗುವುದು ಹೇಗೆ?

ವಿಮಾನಗಳಿಗೆ ನೆಲದಿಂದ ಸೂಚನೆ ಕೊಡುವ ಕಂಟ್ರೋಲರ್ ರೇಡಿಯೊದಲ್ಲಿ ಹೇಳಿದ್ದನ್ನೆಲ್ಲ ಪೈಲಟ್ ತಿರುಗಿ ಹೇಳುತ್ತಾರಲ್ಲ, ಆದರೂ ತಪ್ಪು ಯಾಕೆ ಅಂತ ಕೇಳಿದ್ದೀರಿ. ಸುಮ್ನೆ ತಿರುಗಿ ಹೇಳಿದರೆ ಸಾಲದು, ಕಂಟ್ರೋಲರ್ ಅದನ್ನು ಕಿವಿಗೊಟ್ಟು ಕೇಳಬೇಕು. ಎಡವಟ್ಟು ಜಾಸ್ತಿ ಅಲ್ಲೇ. ನಾವು ಅಂದುಕೊಂಡದ್ದೇ ಕಿವಿಗೆ ಬೀಳುತ್ತದೆ, ಅಲ್ವಾ?

ಇನ್ನೊಂದು, ಒಂದೇ ರೇಡಿಯೊ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಕೀರಲು ಸದ್ದಷ್ಟೇ ಬರುತ್ತದೆ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಆಗಿದ್ದು ಇದೇ. ಕಾಯಿರಿ ಅಂತ ಕೆಎಲ್‌ಎಂ ಕಂಪನಿಯ ವಿಮಾನಕ್ಕೆ ಟವರ್‌ನ ಕಂಟ್ರೋಲರ್ ಹೇಳಿದರು. ನಾವಿನ್ನೂ ರನ್‌ವೇ ಮೇಲಿದ್ದೇವೆ ಅಂತ ಪ್ಯಾನ್ ಆಮ್ ಕಂಪನಿಯ ವಿಮಾನದವರು ಹೇಳಿದರು. ಎರಡೂ ಮಾತು ಒಂದರ ಮೇಲೊಂದು ಬಿದ್ದವು. ಮಂಜಿನಲ್ಲಿ ಮೇಲೇರಲು ಓಡತೊಡಗಿದ್ದ ಕೆಎಲ್‌ಎಂ ವಿಮಾನದವರಿಗೆ ಸರಿಯಾಗಿ ಕೇಳಲೇ ಇಲ್ಲ. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಗೊಂದಲ ಆಗಬಾರದೆಂದು ಈಗ ‘ಟೇಕಾಫ್’ (ಮೇಲೇರುವುದು) ಪದವನ್ನು ಅನುಮತಿ ಕೊಡುವಾಗ ಇಲ್ಲವೇ ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ.

ಪೈಲಟ್‌ಗಳು ಕಾಕ್‌ಪಿಟ್‌ನಲ್ಲಿ ಹರಟೆ ಹೊಡೆದರೂ ತಪ್ಪಾಗಬಹುದಲ್ಲ? ಅಮೆರಿಕದಲ್ಲಿ 1981ರಿಂದ, ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗೆ, ಅದಕ್ಕೆ ಅವಕಾಶವಿಲ್ಲ.