ಹೆದ್ದಾರಿಗೆ ಜಮೀನು ಅಳೆಯಲು ಹೋದರೆ ರೈತರು ಒಳಗೇ ಬಿಡುತ್ತಿಲ್ಲ, ಏನು ಮಾಡಲಿ?

ಹೆದ್ದಾರಿ ಅಗಲೀಕರಣದ ಭೂಸ್ವಾಧೀನ ತಂಡಕ್ಕೆ ಹೊಸದಾಗಿ ಸೇರಿದ್ದೀರಿ, ಜಮೀನಿನವರನ್ನು ಹೇಗೆ ಒಪ್ಪಿಸೋದು ಅಂತ ಕೇಳಿದ್ದೀರಿ. ನಾನು ಇದೇ ಕೆಲಸದಲ್ಲಿ ಸರ್ವೆಯರ್ ಆಗಿ ಬಹಳ ವರ್ಷ ಊರೂರು ತಿರುಗಿದ್ದೇನೆ. ಒಪ್ಪಿಸೋ ಯೋಚನೆ ಮೊದಲು ಬಿಡಿ. ಯಾವ ಕಲ್ಲಿನಿಂದ ಯಾವ ಕಲ್ಲಿನವರೆಗೆ ಜಾಗ ಹೋಗುತ್ತೆ, ಯಾವ ಮರ ಹೋಗುತ್ತೆ ಅನ್ನೋದನ್ನು ಅವರ ಜೊತೆ ನಿಂತು ತೋರಿಸಿ. ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ದರದಿಂದ ಶುರುವಾಗಿಲ್ಲ. ತಾವಿಲ್ಲದಾಗ ಯಾರೋ ಬಂದು ಅಳೆದುಕೊಂಡು ಹೋದರು ಅನ್ನೋ ಸಿಟ್ಟಿನಿಂದ ಶುರುವಾಗಿವೆ.

ತಿಪಟೂರು ಕಡೆಯ ಒಂದು ತೆಂಗಿನ ತೋಟದಲ್ಲಿ ನಾವೇ ಈ ತಪ್ಪು ಮಾಡಿದ್ದೆವು. ಮನೆಯವರು ಸಂತೆಗೆ ಹೋಗಿದ್ದಾಗ ನಮ್ಮ ಹುಡುಗರು ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಬಂದರು. ಆಮೇಲೆ ಮೂರು ತಿಂಗಳು ಆ ಬೇಲಿ ದಾಟಲು ಆಗಲಿಲ್ಲ. ಕೊನೆಗೆ ನಾನೊಬ್ಬನೇ ಹೋಗಿ, ತಪ್ಪಾಯ್ತು ಅಜ್ಜಿ, ನೀವೇ ಮುಂದೆ ನಿಂತು ಎಣಿಸಿ ಅಂದೆ. ಅಜ್ಜಿ ಸೀದಾ ಪಂಪ್‌ಹೌಸ್ ಹಿಂದಿನ ಒಂದು ಬಾಗಿದ ಮರದ ಹತ್ತಿರ ಕರೆದುಕೊಂಡು ಹೋದರು. ಅದರ ತಲೆ ಗಡಿಯ ಆಚೆ ಇತ್ತು, ಹಾಗಾಗಿ ನಮ್ಮವರು ಬಿಟ್ಟಿದ್ದರು. ಎರಡು ಕಲ್ಲಿನ ನಡುವೆ ದಾರ ಎಳೆದು ನೋಡಿದೆವು. ಬುಡ ಒಂದು ಗೇಣು ಒಳಗೇ ಇತ್ತು. "ಕಡಿಯೋಕೆ ಬೇಕು, ಲೆಕ್ಕಕ್ಕೆ ಬ್ಯಾಡ್ವೇನಪ್ಪಾ?" ಅಂದರು ಅಜ್ಜಿ. ಅಲ್ಲೇ ಅವರೆದುರಿಗೇ ಪಟ್ಟಿ ತಿದ್ದಿದೆ, ಒಂದು ಪ್ರತಿ ಅವರ ಕೈಗೆ ಕೊಟ್ಟೆ. ಅಲ್ಲಿವರೆಗೆ ಒಂದು ಮಾತೂ ಆಡದ ಮಗ ಒಳಗೆ ಹೋಗಿ ಟ್ರಂಕಿನಿಂದ ಕಾಗದದ ಗಂಟು ತಂದಿಟ್ಟ.

ನಿಜವಾದ ಕಷ್ಟ ಇದ್ದದ್ದು ಆ ಗಂಟಿನಲ್ಲಿ. ಪಹಣಿ ಇನ್ನೂ ತೀರಿಹೋದ ಅಜ್ಜಿಯ ಮಾವನ ಹೆಸರಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ ಆಗಿರಲಿಲ್ಲ. ಪೋಡಿ, ಅಂದರೆ ಪಾಲುಗಳನ್ನು ಅಳೆದು ಬೇರೆ ಮಾಡೋದೂ ಆಗಿರಲಿಲ್ಲ. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಭಾಗ ಮಾಡಿಕೊಂಡು ಉಳುತ್ತಿದ್ದರು. ಇಂಥ ಕಡೆ ಯಾರಿಗೆ ಎಷ್ಟು ಪಾಲು ಅನ್ನೋದು ಬಗೆಹರಿಯದಿದ್ದರೆ ಅಧಿಕಾರಿ ವಿಷಯವನ್ನು ಸಿವಿಲ್ ಕೋರ್ಟಿಗೆ ಕಳಿಸುತ್ತಾರೆ. ರಸ್ತೆ ಆಗಿ ಬಸ್ಸು ಓಡಾಡುತ್ತಿರುತ್ತೆ, ಮನೆಯವರ ಕೈಗೆ ಮಾತ್ರ ದುಡ್ಡು ಬಂದಿರಲ್ಲ. ಅದಕ್ಕೇ ಮೊದಲ ಭೇಟಿಯಲ್ಲೇ ಪಹಣಿ ನೋಡಿ. ಹೆಸರು ಹಳೆಯದಾಗಿದ್ದರೆ ವಂಶವೃಕ್ಷ, ಮರಣ ಪತ್ರ ಹಿಡಿದು ನಾಡಕಚೇರಿಗೆ ಹೋಗಲು ಹೇಳಿ. ಆದರೆ ನೀವೂ ಜೊತೆಗೆ ಹೋಗಿ. ಕೆಲವು ಮನೆಯವರು ಮದುವೆಯಾಗಿ ಬೇರೆ ಊರಲ್ಲಿರುವ ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಬರೆಸಲು ನೋಡುತ್ತಾರೆ, ಅದಕ್ಕೆ ಒಪ್ಪಬೇಡಿ. ಅವರ ಪಾಲು ಅವರಿಗೆ ಸಿಗಲೇಬೇಕು.

ಕಾನೂನಿನ ಹಂತಗಳನ್ನು ಬಾಯಿಪಾಠ ಮಾಡಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. 3ಎ, 3ಡಿ, 3ಜಿ ಅನ್ನೋದು ಅದರ ಸೆಕ್ಷನ್‌ಗಳು. ಈ ಜಮೀನು ಬೇಕು ಅಂತ ತಿಳಿಸುವ 3ಎ ಪ್ರಕಟಣೆಯಾದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಅದು ಜಮೀನು ತೆಗೆದುಕೊಳ್ಳುವ ಬಗ್ಗೆ ಮಾತ್ರ. ಎಷ್ಟೋ ಜನ ಅಲ್ಲಿ ದರ ಸಾಲದು ಅಂತ ಬರೆದು, ರಸ್ತೆಯ ಗೆರೆ ಬಾವಿಯ ಮೇಲೆ ಹೋಗುತ್ತಿದೆ ಅನ್ನೋದನ್ನೇ ಬರೆಯದೆ ಅವಕಾಶ ಕಳೆದುಕೊಂಡಿದ್ದಾರೆ. ಸ್ವಾಧೀನದ ಘೋಷಣೆ, ಅಂದರೆ 3ಡಿ ಆದ ಕೂಡಲೇ ಜಮೀನು ಕೇಂದ್ರ ಸರ್ಕಾರದ್ದಾಗುತ್ತೆ. ದರದ ಮಾತು ಬರೋದು 3ಜಿ ಹಂತದಲ್ಲಿ. ಪರಿಹಾರದ ಹಣ ಜಮಾ ಆಗದೆ ಸ್ವಾಧೀನ ತೆಗೆದುಕೊಳ್ಳುವಂತಿಲ್ಲ, ಬಿಟ್ಟುಕೊಡಲು 60 ದಿನದ ನೋಟಿಸ್ ಕೊಡಬೇಕು. ಇದನ್ನು ನೀವೇ ಅವರಿಗೆ ಹೇಳಿ. ಮಧ್ಯವರ್ತಿ ಹೇಳುವ ಮುಂಚೆ ಹೇಳಿ.

ದರವನ್ನೂ ಅವರೆದುರು ಕೂತು ಕಾಗದದ ಮೇಲೆ ಬರೆದು ತೋರಿಸಿ. ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರವೇ. ಹಳ್ಳಿಯ ಜಮೀನಿನ ಮಾರುಕಟ್ಟೆ ಬೆಲೆಯನ್ನು 1ರಿಂದ 2ರವರೆಗಿನ ಗುಣಾಂಕದಿಂದ ಗುಣಿಸುತ್ತಾರೆ. ಮರ, ಮನೆ, ಬೋರ್‌ವೆಲ್ ಬೆಲೆ ಸೇರಿಸುತ್ತಾರೆ. ಬಂದ ಮೊತ್ತಕ್ಕೆ ಅಷ್ಟೇ ಮೊತ್ತ ಸೊಲೇಷಿಯಂ. ಎಕರೆಗೆ 10 ಲಕ್ಷ ಬೆಲೆ, ಗುಣಾಂಕ 2 ಅಂದುಕೊಳ್ಳಿ. ಮರ ಬಿಟ್ಟು ಬರೀ ಜಮೀನಿಗೇ 40 ಲಕ್ಷ ಆಗುತ್ತೆ. ಐತೀರ್ಪಿನವರೆಗೆ, ಅಂದರೆ ಪರಿಹಾರ ನಿಗದಿ ಮಾಡುವ ಆದೇಶ ಬರುವವರೆಗೆ, ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12ರಂತೆ ಸೇರುತ್ತೆ. ಸೊಲೇಷಿಯಂ ಅಂದರೆ ಒಲ್ಲದ ಮನಸ್ಸಿನಿಂದ ಕೊಟ್ಟದ್ದಕ್ಕೆ ಕೊಡುವ ಹಣ ಅಂತ ಬಿಡಿಸಿ ಹೇಳಿ. ಇಷ್ಟಾದರೂ ಸಾಲದು ಅನ್ನಿಸಿದರೆ ಹಣ ಪಡೆದೂ ಆರ್ಬಿಟ್ರೇಟರ್, ಅಂದರೆ ದರದ ತಕರಾರು ತೀರ್ಮಾನಿಸುವವರ ಮುಂದೆ ಹೋಗಬಹುದು ಅನ್ನೋದನ್ನು ಮುಚ್ಚಿಡಬೇಡಿ. ಕೆಲವು ಮೇಲಧಿಕಾರಿಗಳಿಗೆ ಇದು ಇಷ್ಟವಾಗಲ್ಲ. ಆದರೂ ಹೇಳಿ, ಅದು ರೈತರ ಹಕ್ಕು.

ಜನ ಜಮೀನು ಕೊಡೋದೇ ಇಲ್ಲ ಅಂದರೆ ಅದನ್ನೂ ಗೌರವದಿಂದ ಕೇಳಿಸಿಕೊಳ್ಳಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಕೈಗಾರಿಕೆಗೆ 1777 ಎಕರೆ ಕೊಡಲ್ಲ ಅಂತ ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಅವರಿಗೆ ಭೂಮಿ ಅಂದರೆ ಬರೀ ದರ ಆಗಿರಲಿಲ್ಲ, ಅಲ್ವಾ?

ಇನ್ನೊಂದು. ಉಳಿದ ಜಮೀನಿನ ಬಗ್ಗೆ ಕೇಳಿ. ಅಜ್ಜಿಯ ತೋಟ ಎರಡು ಹೋಳಾಯಿತು. ಬೋರ್‌ವೆಲ್ ರಸ್ತೆಯ ಈಚೆ, 30 ಮರ ಆಚೆ. ಮಣ್ಣು ಏರಿಸುವ ಮುಂಚೆಯೇ ಎಂಜಿನಿಯರ್‌ಗೆ ಹೇಳಿ, ರಸ್ತೆಯ ಅಡಿ ನೀರಿನ ಪೈಪ್ ದಾಟಿಸಲು ನಕ್ಷೆಯಲ್ಲೇ ಜಾಗ ಬರೆಸಿದೆವು. ಡಾಂಬರು ಬಿದ್ದ ಮೇಲೆ ಕೇಳಿದರೆ ಯಾರೂ ಅಗೆಯಲು ಬಿಡಲ್ಲ.