ಹಡಗಿನ ನೌಕರಿ: ನೇಮಕ, ವೇತನ ಮತ್ತು ಸವಲತ್ತುಗಳ ಕುರಿತು ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮಗ ಪಿಯುಸಿ ಮುಗಿಸಿ, ಹಡಗಿನ ಆರಂಭಿಕ ಹಂತದ ಕೆಲಸಗಳಿಗೆ ಬೇಕಾದ ಆರು ತಿಂಗಳ ಜಿಪಿ ರೇಟಿಂಗ್ ತರಬೇತಿ ಪಡೆದಿದ್ದಾನೆ. ನಾವಿಕರ ಸೇವಾ ಪುಸ್ತಕವಾದ ಸಿಡಿಸಿಯೂ ಕೈಗೆ ಬಂದಿದೆ. ವರ್ಷ ಕಳೆದರೂ ಹಡಗು ಸಿಕ್ಕಿಲ್ಲ. ಮುಂಬೈಯ ಏಜೆಂಟರೊಬ್ಬರು 3.5 ಲಕ್ಷ ರೂಪಾಯಿ ಕೊಟ್ಟರೆ ವಿಸಿಟ್ ವೀಸಾದಲ್ಲಿ ದುಬೈಗೆ ಕಳುಹಿಸಿ ಅಲ್ಲಿಂದ ಹಡಗು ಹತ್ತಿಸುವುದಾಗಿ ಹೇಳುತ್ತಿದ್ದಾರೆ. ಅರ್ಧ ಹಣ ಈಗ, ಉಳಿದದ್ದು ವೀಸಾ ಬಂದ ಮೇಲೆ. ಅಡಿಕೆ ತೋಟದ ಮೇಲೆ ಸಾಲ ತೆಗೆಯಲು ಹೊರಟಿದ್ದೇವೆ. ಕೊಡಬಹುದೇ?
— ತಂದೆಯೊಬ್ಬರು, ಕುಮಟಾ

ಉತ್ತರ: ದಯವಿಟ್ಟು ಕೊಡಬೇಡಿ, ತೋಟದ ಮೇಲೆ ಸಾಲವನ್ನೂ ತೆಗೆಯಬೇಡಿ. ನಾವಿಕರ ಕೆಲಸದ ಷರತ್ತುಗಳನ್ನು ಗೊತ್ತುಪಡಿಸಿರುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕ ಒಪ್ಪಂದ. ಹಡಗಿನವರು ಅದನ್ನು ಎಂಎಲ್‌ಸಿ ಎನ್ನುತ್ತಾರೆ. ಭಾರತ 2015ರ ಅಕ್ಟೋಬರಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಕೆಲಸ ಕೊಡಿಸಿದ್ದಕ್ಕಾಗಿ ನಾವಿಕನಿಂದ ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಯಾವುದೇ ಶುಲ್ಕ ಪಡೆಯುವಂತಿಲ್ಲ ಎಂಬುದು ಅದರ ಸ್ಪಷ್ಟ ನಿಯಮ. ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ ಮತ್ತು ಪಾಸ್‌ಪೋರ್ಟ್‌ಗಳ ವೆಚ್ಚವಷ್ಟೇ ನಾವಿಕನ ಪಾಲಿಗೆ ಬರುವುದು. ವೀಸಾದ ಖರ್ಚು ಕೂಡ ಹಡಗಿನ ಮಾಲೀಕನದೇ. ತರಬೇತಿ ಸಂಸ್ಥೆಗೆ ನೀವು ಕಟ್ಟಿದ ಶುಲ್ಕ ಬೇರೆ ವಿಷಯ, ಅದು ಕಲಿಕೆಗೆ ಕೊಟ್ಟದ್ದು. ನೇಮಕದ ಏಜೆಂಟರಿಗೆ ಸಂಭಾವನೆ ಕೊಡಬೇಕಾದವರು ಹಡಗಿಗೆ ಜನ ಬೇಕಾದವರೇ ಹೊರತು ಕೆಲಸ ಬೇಕಾದವರಲ್ಲ.

ಭಾರತದಲ್ಲಿ ನಾವಿಕರನ್ನು ನೇಮಿಸಿ ಕಳುಹಿಸಲು ಡಿಜಿ ಶಿಪ್ಪಿಂಗ್ ಎಂದು ಎಲ್ಲರೂ ಕರೆಯುವ ಹಡಗು ಸಾರಿಗೆ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಅದನ್ನು ಆರ್‌ಪಿಎಸ್‌ಎಲ್ ಎನ್ನುತ್ತಾರೆ. ಪರವಾನಗಿ ಇರುವವರ ಪಟ್ಟಿ, ಅಮಾನತಾದವರ ಮತ್ತು ಪರವಾನಗಿ ಹಿಂಪಡೆಯಲಾದವರ ವಿವರ ಅವರ ಜಾಲತಾಣದಲ್ಲಿಯೇ ಸಿಗುತ್ತದೆ. ನಿಮ್ಮ ಏಜೆಂಟರಿಂದ ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ: ಅವರ ಆರ್‌ಪಿಎಸ್‌ಎಲ್ ಸಂಖ್ಯೆ, ಹಡಗಿನ ಏಳು ಅಂಕಿಯ ಐಎಂಒ ಸಂಖ್ಯೆ, ಮತ್ತು ಆ ಹಡಗಿನ ಮಾಲೀಕರ ಪೂರ್ಣ ಹೆಸರು ಹಾಗೂ ವಿಳಾಸ. ಹಡಗಿನ ಹೆಸರು ಮಾಲೀಕ ಬದಲಾದಾಗಲೆಲ್ಲ ಬದಲಾಗಬಹುದು, ಐಎಂಒ ಸಂಖ್ಯೆ ಮಾತ್ರ ಹಡಗು ಗುಜರಿಗೆ ಹೋಗುವವರೆಗೂ ಅದೇ ಇರುತ್ತದೆ. ಆ ಸಂಖ್ಯೆಯನ್ನು ಈಕ್ವಾಸಿಸ್ ಎಂಬ ಉಚಿತ ದತ್ತಾಂಶ ತಾಣದಲ್ಲಿ ಹಾಕಿದರೆ ಹಡಗಿನ ವಯಸ್ಸು, ಧ್ವಜ ಅಂದರೆ ಅದು ನೋಂದಣಿಯಾದ ದೇಶ, ಮಾಲೀಕತ್ವ, ಬಂದರುಗಳಲ್ಲಿ ತಪಾಸಣೆಗೆ ಸಿಕ್ಕು ತಡೆಹಿಡಿಯಲಾಗಿತ್ತೇ ಎಂಬುದೆಲ್ಲ ಕಾಣುತ್ತದೆ. ಈ ಮೂರನ್ನು ಕೊಡಲು ಹಿಂದೇಟು ಹಾಕುವವರ ಬಳಿ ಹಡಗೇ ಇಲ್ಲದಿರಬಹುದು, ಅಥವಾ ತೋರಿಸಲು ಹೆದರುವಂಥ ಹಡಗು ಇರಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಕಳವಳಕ್ಕೀಡುಮಾಡಿದ್ದು ವಿಸಿಟ್ ವೀಸಾದ ಮಾತು. ಪರವಾನಗಿ ಪಡೆದ ಸಂಸ್ಥೆಯು ನಾವಿಕನನ್ನು ಕಳುಹಿಸುವ ಮೊದಲು ಅವನ ಮತ್ತು ಹಡಗಿನ ವಿವರವನ್ನು ಡಿಜಿ ಶಿಪ್ಪಿಂಗ್‌ಗೆ ಸಲ್ಲಿಸಿರಬೇಕು. ಪ್ರವಾಸಿಯೆಂದು ಹೇಳಿಕೊಂಡು ದೇಶ ಬಿಟ್ಟ ಹುಡುಗನ ಬಗ್ಗೆ ಅಂಥ ದಾಖಲೆ ಇರುವುದಿಲ್ಲ. ಕೊಲ್ಲಿಯ ಯಾವುದೋ ಲಂಗರು ತಾಣದಲ್ಲಿ ಸಂಬಳವಿಲ್ಲದೆ ಕೂತಾಗ ಅವನನ್ನು ಕಳುಹಿಸಿದ್ದು ಯಾರು ಎಂಬುದನ್ನೇ ಸಾಬೀತುಪಡಿಸಲಾಗದ ಸ್ಥಿತಿ ಬರುತ್ತದೆ. ಅಲ್ಲಿ ಕಳೆದ ಸೇವಾವಧಿಯನ್ನು ಮುಂದಿನ ಪರೀಕ್ಷೆಗೆ ಲೆಕ್ಕಕ್ಕೆ ತರುವುದೂ ಕಷ್ಟವಾಗುತ್ತದೆ. ಒಂದು ವರ್ಷ ಮನೆಯಲ್ಲಿ ಕಾಯುವ ಹುಡುಗನ ಸಂಕಟ ನನಗೆ ಅರ್ಥವಾಗುತ್ತದೆ. ಮೊದಲ ಹಡಗು ಸಿಗುವುದು ಇಂದು ನಿಜಕ್ಕೂ ಕಠಿಣ. ಅವನು ತರಬೇತಿ ಪಡೆದ ಸಂಸ್ಥೆಯ ನೇಮಕಾತಿ ವಿಭಾಗದ ಮೂಲಕ, ಪರವಾನಗಿ ಇರುವ ಸಂಸ್ಥೆಗಳಿಗೆ ತಾನೇ ಅರ್ಜಿ ಹಾಕುತ್ತಾ ಪ್ರಯತ್ನ ಮುಂದುವರಿಸಲಿ. ಈಗಾಗಲೇ ಮುಂಗಡ ಕೊಟ್ಟಿದ್ದರೆ ಹಣ ಹೋದ ಖಾತೆಯ ವಿವರ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರಿಗೂ ಡಿಜಿ ಶಿಪ್ಪಿಂಗ್‌ಗೂ ದೂರು ಕೊಡಿ.

ಪ್ರಶ್ನೆ: ನಾನು ಎಬಿ, ಅಂದರೆ ಹಡಗಿನ ಡೆಕ್ಕಿನಲ್ಲಿ ದುಡಿಯುವ ಅನುಭವಿ ನಾವಿಕ. ಹೊಸ ಕಂಪನಿಯೊಂದು ತಿಂಗಳಿಗೆ ಒಟ್ಟು 1,250 ಡಾಲರ್ ಕೊಡುವುದಾಗಿ ಹೇಳಿದೆ. ಒಪ್ಪಂದಪತ್ರದಲ್ಲಿ ಮೂಲ ವೇತನ 400, ವಿಶೇಷ ಭತ್ಯೆ 850 ಎಂದಿದೆ. ಕೈಗೆ ಬರುವ ಮೊತ್ತ ಅಷ್ಟೇ ಇರುವಾಗ ವಿಂಗಡಣೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಕೇ?
— ಓದುಗರು, ಸುರತ್ಕಲ್

ಉತ್ತರ: ಖಂಡಿತ ತಲೆಕೆಡಿಸಿಕೊಳ್ಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವೇದಿಕೆಯಲ್ಲಿ ಮಾಲೀಕರು ಮತ್ತು ನಾವಿಕ ಸಂಘಗಳು ಕೂತು ನಿಗದಿಪಡಿಸಿದ ಎಬಿಯ ಕನಿಷ್ಠ ಮೂಲ ವೇತನ 2026ರ ಜನವರಿ 1ರಿಂದ 690 ಡಾಲರ್. ಇದು ಶಿಫಾರಸಿನ ಸ್ವರೂಪದ್ದಾದರೂ ಅನೇಕ ಒಪ್ಪಂದಗಳಿಗೆ ಇದೇ ಅಡಿಪಾಯ. ಲೆಕ್ಕ ಹೀಗೆ ಸಾಗುತ್ತದೆ: 690ನ್ನು ತಿಂಗಳ ಸಾಮಾನ್ಯ ದುಡಿಮೆಯ 208 ಗಂಟೆಗಳಿಂದ ಭಾಗಿಸಿ, ಬಂದದ್ದನ್ನು ಒಂದೂಕಾಲು ಪಟ್ಟು ಮಾಡಿದರೆ ಓವರ್‌ಟೈಮಿನ ಗಂಟೆಗೆ ಸುಮಾರು 4.15 ಡಾಲರ್ ಆಗುತ್ತದೆ. ತಿಂಗಳಿಗೆ 104 ಗಂಟೆಗಳ ಓವರ್‌ಟೈಮ್ ಹಿಡಿದರೆ ಸುಮಾರು 431 ಡಾಲರ್. ತಿಂಗಳಿಗೆ ಎರಡೂವರೆ ದಿನದಂತೆ ರಜೆ ವೇತನ ಸುಮಾರು 57. ಎಲ್ಲ ಸೇರಿ 1,180ರ ಆಸುಪಾಸು. ಅಂದರೆ ನಿಮಗೆ ದೊಡ್ಡದಾಗಿ ಕಾಣುವ 1,250 ಕನಿಷ್ಠಕ್ಕಿಂತ ಸ್ವಲ್ಪವೇ ಮೇಲಿದೆ, ಮೂಲ ವೇತನವಂತೂ ಕನಿಷ್ಠಕ್ಕಿಂತ ಬಹಳ ಕೆಳಗಿದೆ.

ಇದರ ಪರಿಣಾಮ ಗೊತ್ತಾಗುವುದು ಕಾಯಿಲೆ ಬಿದ್ದಾಗ. ಅಸ್ವಸ್ಥನಾಗಿ ದಡ ಸೇರಿದ ನಾವಿಕನಿಗೆ ಪೂರ್ಣವಾಗಿಯೋ ಭಾಗಶಃವಾಗಿಯೋ ವೇತನ ಕೊಡುವ ಹೊಣೆ ಮಾಲೀಕನದು. ಅದಕ್ಕೆ ದೇಶದ ಕಾನೂನು ಮಿತಿ ಹಾಕುವುದಾದರೂ ಆ ಮಿತಿ 16 ವಾರಕ್ಕಿಂತ ಕಡಿಮೆ ಇರುವಂತಿಲ್ಲ. ಆದರೆ ಹಲವು ಒಪ್ಪಂದಗಳಲ್ಲಿ ಈ ಮೊತ್ತವನ್ನೂ ರಜೆ ವೇತನವನ್ನೂ ಭವಿಷ್ಯನಿಧಿಯನ್ನೂ ಲೆಕ್ಕ ಹಾಕುವುದು ಮೂಲ ವೇತನದ ಮೇಲೆಯೇ. ವಿಶೇಷ ಭತ್ಯೆ ಹಡಗಿನ ಏಣಿ ಇಳಿದ ದಿನ ನಿಂತುಹೋಗುತ್ತದೆ. ಸಹಿ ಹಾಕುವ ಮುನ್ನ ಒಪ್ಪಂದವನ್ನು ಓದಿ ಸಲಹೆ ಪಡೆಯಲು ಅವಕಾಶ ಕೇಳುವುದು ನಿಮ್ಮ ಹಕ್ಕು, ಕಂಪನಿ ಮಾಡುವ ಉಪಕಾರವಲ್ಲ. ವಿಮಾನ ನಿಲ್ದಾಣದಲ್ಲಿ ಕೈಗಿಡುವ ಕಾಗದಕ್ಕೆ ಸಹಿ ಹಾಕಬೇಡಿ. ಮಾಲೀಕನ ಸಹಿ ಇರುವ ಮೂಲ ಪ್ರತಿ ನಿಮ್ಮ ಚೀಲದಲ್ಲಿರಲಿ, ಅದರ ಫೋಟೋ ಮನೆಯವರ ಫೋನಿನಲ್ಲಿರಲಿ. ಮನೆಗೆ ಹಣ ಕಳುಹಿಸುವಾಗ ಬಳಸಿದ ವಿನಿಮಯ ದರ ಪ್ರತಿ ತಿಂಗಳ ವೇತನ ಪಟ್ಟಿಯಲ್ಲಿ ಇರಬೇಕು ಎಂಬುದನ್ನೂ ನೆನಪಿಡಿ.

ಪ್ರಶ್ನೆ: ವಿದೇಶಿ ಹಡಗಿನ ಸಂಬಳವನ್ನು ಇಲ್ಲಿನ ಬ್ಯಾಂಕಿನಲ್ಲಿ ಅನಿವಾಸಿಗಳಿಗಿರುವ ಎನ್‌ಆರ್‌ಇ ಖಾತೆಗೆ ಹಾಕಿಸಿಕೊಂಡರೆ ತೆರಿಗೆ ಬೀಳುತ್ತದೆಯೇ?
— ಓದುಗರು, ಕಾರವಾರ

ಉತ್ತರ: ನೀವು ಆ ಆರ್ಥಿಕ ವರ್ಷದಲ್ಲಿ ಅನಿವಾಸಿ ಆಗಿದ್ದು ಸೇವೆ ಭಾರತದ ಹೊರಗೆ ಸಲ್ಲಿಸಿದ್ದರೆ, ಎನ್‌ಆರ್‌ಇ ಖಾತೆಗೆ ಜಮೆಯಾದ ಏಕೈಕ ಕಾರಣಕ್ಕೆ ಅದನ್ನು ಆದಾಯಕ್ಕೆ ಸೇರಿಸುವುದಿಲ್ಲವೆಂದು ನೇರ ತೆರಿಗೆಗಳ ಕೇಂದ್ರ ಮಂಡಳಿ 2017ರಲ್ಲಿ ಸುತ್ತೋಲೆ ಹೊರಡಿಸಿದೆ. ಭಾರತದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದವರು ನಿವಾಸಿಗಳಾಗುತ್ತಾರೆ. ಆದ್ದರಿಂದ ಸಿಡಿಸಿಯಲ್ಲಿ ಸೈನ್ ಆನ್, ಸೈನ್ ಆಫ್ ದಿನಾಂಕಗಳು, ಅಂದರೆ ಹಡಗು ಹತ್ತಿದ ಮತ್ತು ಇಳಿದ ದಿನಾಂಕಗಳು, ಇರುವ ಪುಟಗಳನ್ನೂ ಪಾಸ್‌ಪೋರ್ಟಿನ ಮುದ್ರೆಗಳನ್ನೂ ವರ್ಷವಾರು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಮತ್ತು ವಿವರ ಸಲ್ಲಿಸುವ ಮೊದಲು ಆ ವರ್ಷದ ನಿಯಮವನ್ನು ಲೆಕ್ಕ ಪರಿಶೋಧಕರಲ್ಲಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಮುಂಬೈಯ ಹಡಗು ನಿರ್ವಹಣಾ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ನಮ್ಮ ಅಧಿಕಾರಿಗಳಲ್ಲಿ ಹೆಚ್ಚಿನವರು ಒಂದೇ ಕಾಂಟ್ರ್ಯಾಕ್ಟ್ ಮುಗಿಸಿ ಬೇರೆ ಕಡೆಗೆ ಹೋಗುತ್ತಿದ್ದಾರೆ. ಮಾಲೀಕರು ಸಂಬಳ ಏರಿಸಲು ಒಪ್ಪುತ್ತಿಲ್ಲ. ಯಾವ ಸವಲತ್ತು ಕೊಟ್ಟರೆ ಜನ ಉಳಿದಾರು?
— ಓದುಗರು, ಮೂಲತಃ ಉಡುಪಿ

ಉತ್ತರ: ಸವಲತ್ತಿನ ಪಟ್ಟಿಗೆ ಹೊಸದೊಂದನ್ನು ಸೇರಿಸುವ ಮೊದಲು, ಕಳೆದ ವರ್ಷ ನಿಮ್ಮ ಹಡಗುಗಳಿಂದ ಇಳಿದ ಪ್ರತಿಯೊಬ್ಬರ ಒಪ್ಪಂದದ ಕೊನೆಯ ದಿನಾಂಕವನ್ನೂ ಅವರು ನಿಜಕ್ಕೂ ಇಳಿದ ದಿನಾಂಕವನ್ನೂ ಅಕ್ಕಪಕ್ಕ ಬರೆದು ನೋಡಿ. ಈ ವೃತ್ತಿಯಲ್ಲಿ ನಾನು ಕೇಳಿದ ದೂರುಗಳಲ್ಲಿ ಸಂಬಳಕ್ಕಿಂತ ಹೆಚ್ಚಾಗಿ ಬಂದದ್ದು ತನ್ನ ಜಾಗಕ್ಕೆ ಬರಬೇಕಾದ ರಿಲೀವರ್ ಬರಲಿಲ್ಲ ಎಂಬ ದೂರು. ತಂಗಿಯ ಮದುವೆಗೆಂದು ದಿನ ಎಣಿಸುತ್ತಿರುವ ಸೆಕೆಂಡ್ ಎಂಜಿನಿಯರಿಗೆ ಮುಂದಿನ ಬಂದರಿನಲ್ಲಿ ಖಂಡಿತ ಎಂದು ಹೇಳಿ, ಆ ಬಂದರು ಬಂದಾಗ ಅದರ ಮುಂದಿನ ಬಂದರು ಎಂದರೆ, ಅವನು ಅಲ್ಲಿಂದಲೇ ಬೇರೆ ಕಂಪನಿಗೆ ಅರ್ಜಿ ಕಳುಹಿಸುತ್ತಾನೆ. ಕೊರೊನಾ ಕಾಲದಲ್ಲಿ, 2020ರ ಕೊನೆಗೆ, ಅವಧಿ ಮುಗಿದರೂ ಇಳಿಯಲಾಗದೆ ಸುಮಾರು 4 ಲಕ್ಷ ನಾವಿಕರು ಹಡಗುಗಳಲ್ಲಿ ಉಳಿದಿದ್ದರೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅಂದಾಜು ಮಾಡಿತ್ತು. ಆ ದಿನಗಳನ್ನು ಕಂಡವರು ಇಳಿಯುವ ದಿನಾಂಕದ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಪ್ರತಿ ಹುದ್ದೆಗೂ ದಡದಲ್ಲಿ ವೈದ್ಯಕೀಯ ತಪಾಸಣೆ, ವೀಸಾ, ಕೋರ್ಸುಗಳೆಲ್ಲ ಮುಗಿದ ಒಬ್ಬ ಹೆಚ್ಚುವರಿ ವ್ಯಕ್ತಿಯನ್ನು ಸಿದ್ಧವಾಗಿಟ್ಟು, ಕಾಯುವ ಅವಧಿಗೆ ಅವನಿಗೆ ಸ್ವಲ್ಪ ಹಣ ಕೊಡಲು ಮಾಲೀಕರನ್ನು ಒಪ್ಪಿಸಿ. ಒಪ್ಪಂದ ಮುಗಿದ ನಂತರ ಇರಿಸಿಕೊಂಡ ಪ್ರತಿ ದಿನಕ್ಕೂ ಹೆಚ್ಚುವರಿ ವೇತನ ಎಂದು ಒಪ್ಪಂದದಲ್ಲಿಯೇ ಬರೆಯಿಸಿ. ಆ ಖರ್ಚು ಕಣ್ಣಿಗೆ ಬಿದ್ದಾಗ ಟಿಕೆಟ್ ಬುಕ್ ಮಾಡುವ ವೇಗ ತಾನಾಗಿ ಹೆಚ್ಚುತ್ತದೆ.

ಎರಡನೆಯದು ರಜೆಯ ತಿಂಗಳುಗಳ ಆರೋಗ್ಯ ವಿಮೆ. ಅನೇಕ ಕಂಪನಿಗಳಲ್ಲಿ ಹಡಗು ಇಳಿದ ಕೆಲವು ದಿನಗಳಿಗೆ ವಿಮೆ ಮುಗಿಯುತ್ತದೆ, ಇನ್ನು ಕೆಲವು ಕಡೆ ಹೆಂಡತಿ ಮಕ್ಕಳಿಗಿದ್ದು ತಂದೆತಾಯಿಗೆ ಇರುವುದಿಲ್ಲ. ನಮ್ಮ ಕುಟುಂಬಗಳಲ್ಲಿ ಆಸ್ಪತ್ರೆಯ ಖರ್ಚು ಬರುವುದು ಹೆಚ್ಚಾಗಿ ಹಿರಿಯರಿಂದಲೇ. ವರ್ಷವಿಡೀ ತಂದೆತಾಯಿಯನ್ನೂ ಒಳಗೊಳ್ಳುವ ಗುಂಪು ವಿಮೆಗೆ ಮಾಲೀಕರು ತೆರುವ ಕಂತು, ಒಬ್ಬ ಅನುಭವಿ ಅಧಿಕಾರಿಯನ್ನು ಕಳೆದುಕೊಂಡು ಹೊಸಬರನ್ನು ಹುಡುಕುವ ಖರ್ಚಿನೆದುರು ದೊಡ್ಡದಲ್ಲ.

ಇದಕ್ಕೆ ಹೊಂದಿಕೊಂಡ ಸೂಕ್ಷ್ಮ ವಿಷಯವೊಂದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರನ್ನು ತಪಾಸಣೆಯ ಹಂತದಲ್ಲಿಯೇ ಕಾರಣ ಹೇಳದೆ ಕೈಬಿಡುವ ಅಭ್ಯಾಸ ನಿಮ್ಮಲ್ಲಿದ್ದರೆ, ಉಳಿದವರೆಲ್ಲ ಮಾತ್ರೆಗಳನ್ನು ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡು ಹಡಗು ಹತ್ತುತ್ತಾರೆ. ಬೇಕೆಂದೇ ಮುಚ್ಚಿಟ್ಟ ಕಾಯಿಲೆಗೆ ಮಾಲೀಕನ ಹೊಣೆಯಿಲ್ಲ ಎಂದು ಕಾನೂನು ಮಾಡಲು ಎಂಎಲ್‌ಸಿ ದೇಶಗಳಿಗೆ ಅವಕಾಶ ಕೊಟ್ಟಿದೆ. ಹೀಗಾಗಿ ನಡುಗಡಲಿನಲ್ಲಿ ಅನಾಹುತವಾದರೆ ಆ ಮನೆಗೆ ಪರಿಹಾರವೂ ತಪ್ಪಿಹೋಗಬಹುದು. ಔಷಧಿಯಿಂದ ಹತೋಟಿಯಲ್ಲಿರುವ ಕಾಯಿಲೆಯನ್ನು ಹೇಳಿಕೊಂಡವರಿಗೆ, ವೈದ್ಯರು ಯೋಗ್ಯರೆಂದು ಪ್ರಮಾಣೀಕರಿಸಿದರೆ, ಕೆಲಸ ತಪ್ಪುವುದಿಲ್ಲ ಎಂಬ ಭರವಸೆಯನ್ನು ಲಿಖಿತವಾಗಿ ಕೊಡಿ ಮತ್ತು ಅದರಂತೆ ನಡೆದುಕೊಳ್ಳಿ.

ಹಡಗಿನಲ್ಲಿ ಇಂಟರ್ನೆಟ್ ಒದಗಿಸುವುದನ್ನು ಈಗ ಸವಲತ್ತು ಎಂದು ಹೇಳಿಕೊಳ್ಳುವ ಹಾಗಿಲ್ಲ. 2024ರ ಡಿಸೆಂಬರ್ 23ರಂದು ಜಾರಿಗೆ ಬಂದ ಎಂಎಲ್‌ಸಿ ತಿದ್ದುಪಡಿಗಳು ಸಾಧ್ಯವಿದ್ದಷ್ಟರ ಮಟ್ಟಿಗೆ ಸಂಪರ್ಕ ಒದಗಿಸಬೇಕೆಂದೂ ಶುಲ್ಕ ವಿಧಿಸಿದರೆ ಅದು ನ್ಯಾಯವಾಗಿರಬೇಕೆಂದೂ ಹೇಳುತ್ತವೆ.

ಪ್ರಶ್ನೆ: ನನ್ನ ತಮ್ಮ ಕೆಲಸ ಮಾಡುತ್ತಿರುವ ಸಣ್ಣ ಸರಕು ಹಡಗಿನವರಿಗೆ ಮೂರು ತಿಂಗಳಿಂದ ಸಂಬಳವಿಲ್ಲ. ಮಾಲೀಕ ಫೋನ್ ಎತ್ತುತ್ತಿಲ್ಲ. ಬಾಕಿ ಇಲ್ಲವೆಂದು ಸಹಿ ಹಾಕಿಕೊಟ್ಟು ಇಳಿದು ಬರಲೇ ಎಂದು ತಮ್ಮ ಕೇಳುತ್ತಿದ್ದಾನೆ. ಹಡಗು ಸದ್ಯದಲ್ಲೇ ಪಣಂಬೂರಿಗೆ ಬರಲಿದೆಯಂತೆ.
— ಓದುಗರು, ಭಟ್ಕಳ

ಉತ್ತರ: ಬಾಕಿ ಇಲ್ಲ ಎಂದು ಬರೆದಿರುವ ಯಾವ ಕಾಗದಕ್ಕೂ ಅವರು ಸಹಿ ಹಾಕದಿರಲಿ. ಎರಡು ತಿಂಗಳ ಒಪ್ಪಂದದ ವೇತನ ಕೊಡದೆ ಮಾಲೀಕ ಸಂಬಂಧ ಕಡಿದುಕೊಂಡರೆ ಎಂಎಲ್‌ಸಿ ಪ್ರಕಾರ ಅದು ನಾವಿಕರನ್ನು ಕೈಬಿಟ್ಟಂತೆ. ಇಂಥ ಸ್ಥಿತಿಗಾಗಿಯೇ 2017ರಿಂದ ಹಣಕಾಸಿನ ಖಾತರಿ ಕಡ್ಡಾಯವಾಗಿದೆ. ನಾಲ್ಕು ತಿಂಗಳವರೆಗಿನ ಬಾಕಿ ವೇತನ, ಊಟ, ನೀರು, ಮನೆಗೆ ಮರಳುವ ಖರ್ಚು ಅದರಿಂದ ಸಿಗಬೇಕು. ಖಾತರಿ ಕೊಟ್ಟವರ ಹೆಸರು ಮತ್ತು ಸಂಪರ್ಕ ವಿವರವಿರುವ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ತಮ್ಮನಿಗೆ ಇವತ್ತೇ ಅದರ ಫೋಟೋ ತೆಗೆದು ಕಳುಹಿಸಲು ಹೇಳಿ, ಜೊತೆಗೆ ಒಪ್ಪಂದ ಮತ್ತು ವೇತನ ಪಟ್ಟಿಗಳದ್ದೂ ಇರಲಿ. ಬಳಿಕ ಖಾತರಿದಾರರಿಗೆ, ಹಡಗಿನ ಧ್ವಜದ ದೇಶಕ್ಕೆ, ಡಿಜಿ ಶಿಪ್ಪಿಂಗ್‌ಗೆ ಮತ್ತು ಐಟಿಎಫ್ ಎಂಬ ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ತನಿಖಾಧಿಕಾರಿಗೆ ಒಂದೇ ದಿನ ದೂರು ಹೋಗಲಿ. ಸಾಧ್ಯವಾದರೆ ಎಲ್ಲ ಸಿಬ್ಬಂದಿಯೂ ಸಹಿ ಹಾಕಲಿ. ಒಬ್ಬನೇ ಹಾಕಿದರೆ ಅವನನ್ನು ಬೇರೆ ಮಾಡಿ ಬೆದರಿಸುವುದು ಸುಲಭ. 2024ರಲ್ಲಿ ಹೀಗೆ ಕೈಬಿಡಲ್ಪಟ್ಟ ಮೂರು ಸಾವಿರಕ್ಕೂ ಹೆಚ್ಚು ನಾವಿಕರನ್ನು ಐಟಿಎಫ್ ಗುರುತಿಸಿತ್ತು, ಅವರಲ್ಲಿ ಅತಿ ಹೆಚ್ಚು ಮಂದಿ ಭಾರತೀಯರು.

ಹಡಗು ಪಣಂಬೂರಿಗೆ ಬರುವುದು ನಿಮಗೆ ಅನುಕೂಲವೇ. 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ, ಹಡಗುಗಳ ವ್ಯಾಜ್ಯಗಳಿಗೆ ಸಂಬಂಧಿಸಿದ ಅಡ್ಮಿರಾಲ್ಟಿ ಕಾಯ್ದೆಯು ತನ್ನ ವ್ಯಾಪ್ತಿಯ ಜಲಪ್ರದೇಶದಲ್ಲಿರುವ ಹಡಗನ್ನು ತಡೆಹಿಡಿಯಲು ಆದೇಶಿಸುವ ಅಧಿಕಾರವನ್ನು ಕರ್ನಾಟಕ ಹೈಕೋರ್ಟಿಗೂ ಕೊಟ್ಟಿದೆ. ನಾವಿಕರ ವೇತನಕ್ಕೆ ಹಡಗಿನ ಮೇಲೆಯೇ ಹಕ್ಕಿದ್ದು, ಅಂಥ ಹಕ್ಕುಗಳ ಸಾಲಿನಲ್ಲಿ ಅದು ಮೊದಲನೆಯದು. ಹಡಗು ಬೇರೆಯವರಿಗೆ ಮಾರಾಟವಾದರೂ ಆ ಹಕ್ಕು ಅದರ ಜೊತೆಗೇ ಹೋಗುತ್ತದೆ. ಆದರೆ ಎರಡು ವರ್ಷ ಕಳೆದರೆ ಅದು ನಶಿಸುತ್ತದೆ, ಮತ್ತು ಸಣ್ಣ ಹಡಗುಗಳು ಸರಕು ಇಳಿಸಿದ ಒಂದೆರಡು ದಿನಗಳಲ್ಲೇ ಬಂದರು ಬಿಡುತ್ತವೆ. ಆದ್ದರಿಂದ ಹಡಗು ಬಂದು ತಲುಪುವ ಮೊದಲೇ ಈ ದಾಖಲೆಗಳೊಂದಿಗೆ ಕಡಲ ಕಾನೂನು ಬಲ್ಲ ವಕೀಲರನ್ನು ಭೇಟಿಯಾಗಿರಿ.