ರಸ್ತೆಯಲ್ಲಿ ಪೊಲೀಸರು ಫೋನಿನ ಲಾಕ್ ತೆಗೆ ಎಂದರೆ ತೆಗೆಯಲೇಬೇಕೆ?

ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ ನಿಮ್ಮ ತಮ್ಮನನ್ನು ಪೊಲೀಸರು ತಪಾಸಣೆಗೆ ನಿಲ್ಲಿಸಿದರು, ಗಾಂಜಾದ ಅನುಮಾನವೆಂದು ಹೇಳಿ ಫೋನಿನ ಲಾಕ್ ತೆಗೆಸಿದರು, ವಾಟ್ಸಾಪ್ ಸಂದೇಶಗಳನ್ನೂ ಫೋಟೊಗಳನ್ನೂ ನೋಡಿ ಏನೂ ಸಿಗದೆ ಕಳುಹಿಸಿದರು ಎಂದು ಬರೆದಿದ್ದೀರಿ. ಹಾಗೆ ನೋಡುವ ಅಧಿಕಾರ ಅವರಿಗೆ ಇದೆಯೇ, ನಾಳೆ ಠಾಣೆಗೇ ಕರೆದು ಪಾಸ್‌ವರ್ಡ್ ಹೇಳು ಎಂದರೆ ಹೇಳಲೇಬೇಕೆ ಎಂಬುದು ನಿಮ್ಮ ಪ್ರಶ್ನೆ. ನಾನು ಜಿಲ್ಲಾ ನ್ಯಾಯಾಲಯವೊಂದರಲ್ಲಿ 19 ವರ್ಷಗಳಿಂದ ಕ್ರಿಮಿನಲ್ ಪ್ರಕರಣಗಳನ್ನು ನಡೆಸುತ್ತಿರುವ ವಕೀಲ. ಯಾವ ಪ್ರಕರಣವೂ ದಾಖಲಾಗದೆ, ರಸ್ತೆಯ ಮೇಲೆ, ಬರಿಯ ಬಾಯಿಮಾತಿನಲ್ಲಿ ಕೇಳಿದರೆ ತೋರಿಸಬೇಕಾಗಿಲ್ಲ. ಪ್ರಕರಣ ದಾಖಲಾಗಿ ತನಿಖೆ ನಡೆಯುತ್ತಿದ್ದರೆ ಉತ್ತರ ಅಷ್ಟು ಸರಳವಲ್ಲ. ಅದು ಕರ್ನಾಟಕದಲ್ಲಿ ಒಂದು ರೀತಿ, ದೆಹಲಿಯಲ್ಲಿ ಇನ್ನೊಂದು ರೀತಿ ಇದೆ.

ಮೊದಲು ರಸ್ತೆಯ ವಿಚಾರ. ವಾಹನ ನಿಲ್ಲಿಸಿ ಚಾಲನಾ ಪರವಾನಗಿ, ಆರ್‌ಸಿ, ವಿಮೆ ಕೇಳುವ ಅಧಿಕಾರ ಪೊಲೀಸರಿಗೆ ಇದೆ. ಅವುಗಳನ್ನು ಡಿಜಿಲಾಕರ್‌ನಲ್ಲಿ ತೋರಿಸಿದರೂ ಸಾಕು, ಆದರೆ ತೋರಿಸುವಾಗ ಫೋನ್ ನಿಮ್ಮ ಕೈಯಲ್ಲೇ ಇರಲಿ. ನನ್ನ ಬಳಿ ಬಂದ ಹಲವು ಹುಡುಗರ ಸಂಕಟ ಶುರುವಾದದ್ದೇ ಅಲ್ಲಿಂದ. ಡಿಎಲ್ ತೋರಿಸಲೆಂದು ತೆರೆದ ಫೋನ್ ಪೊಲೀಸರ ಕೈಗೆ ಹೋಗುತ್ತದೆ, ಬೆರಳು ಡಿಜಿಲಾಕರ್‌ನಿಂದ ವಾಟ್ಸಾಪ್‌ಗೆ ಸರಿಯುತ್ತದೆ, ಹುಡುಕುವ ಜಾಗದಲ್ಲಿ ‘ಮಾಲು’ ಎಂದು ಟೈಪ್ ಆಗುತ್ತದೆ. ವಾರಂಟ್ ಇಲ್ಲದೆ ಶೋಧ ನಡೆಸಲು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಅವಕಾಶ ಕೊಡುತ್ತದೆ ನಿಜ. ಆದರೆ ಅದು ತನಿಖೆಯಲ್ಲಿರುವ ಅಪರಾಧವೊಂದಕ್ಕೆ ಸಂಬಂಧಪಟ್ಟ ಅಧಿಕಾರ. ಏನನ್ನು ಹುಡುಕುತ್ತಿದ್ದೇವೆ, ಅದು ಅಲ್ಲಿದೆ ಎಂದು ನಂಬಲು ಕಾರಣವೇನು ಎಂಬುದನ್ನು ಮೊದಲೇ ಕೇಸ್ ಡೈರಿಯಲ್ಲಿ ಬರೆಯಬೇಕು, ಅದರ ಪ್ರತಿಯನ್ನು 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, ಏನಾದರೂ ಸಿಕ್ಕೀತೇ ಎಂದು ಫೋನ್ ತಡಕುವುದಕ್ಕೆ ಈ ಕಲಮಿನಲ್ಲಿ ಜಾಗವಿಲ್ಲ.

ಹಾಗಾದರೆ ಪೊಲೀಸರು ಯಾವ ಆಧಾರದ ಮೇಲೆ ನೋಡುತ್ತಾರೆ ಎಂದರೆ, ನಿಮ್ಮ ಒಪ್ಪಿಗೆಯ ಆಧಾರದ ಮೇಲೆ. 2021ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಪೊಲೀಸರು ದಾರಿಹೋಕರ ಫೋನುಗಳಲ್ಲಿ ಗಾಂಜಾ ಎಂಬ ಪದ ಹುಡುಕುತ್ತಿದ್ದ ವಿಡಿಯೊ ಎಲ್ಲೆಡೆ ಹರಿದಾಡಿದಾಗ, ಯಾರನ್ನೂ ಬಲವಂತಪಡಿಸಿಲ್ಲ, ಜನರೇ ಸಹಕರಿಸುತ್ತಿದ್ದಾರೆ ಎಂಬ ಸಮಜಾಯಿಷಿ ಬಂತು. ರಾತ್ರಿ 11 ಗಂಟೆಗೆ, ಬೈಕಿನ ಕೀಲಿ ಪೊಲೀಸರ ಕೈಯಲ್ಲಿರುವಾಗ, 20 ವರ್ಷದ ಹುಡುಗನೊಬ್ಬ ಫೋನ್ ಚಾಚಿದರೆ ಅದನ್ನು ಒಪ್ಪಿಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೂ ನ್ಯಾಯಾಲಯದಲ್ಲಿ ‘ಅವನೇ ತೆಗೆದು ಕೊಟ್ಟ ಸ್ವಾಮಿ’ ಎಂಬ ಒಂದು ಮಾತಿನ ಮುಂದೆ ನಮ್ಮ ವಾದ ಎಷ್ಟು ಸೊರಗುತ್ತದೆ ಎಂಬುದನ್ನು ಕಂಡಿರುವುದರಿಂದ ಹೇಳುತ್ತಿದ್ದೇನೆ: ಫೋನ್ ಕೊಡಲು ಇಷ್ಟವಿಲ್ಲದಿದ್ದರೆ ‘ಸರ್, ನನಗೆ ಇದಕ್ಕೆ ಒಪ್ಪಿಗೆ ಇಲ್ಲ, ಲಿಖಿತವಾಗಿ ಕೊಟ್ಟರೆ ಸಹಕರಿಸುತ್ತೇನೆ’ ಎಂದು ಅಕ್ಕಪಕ್ಕದವರಿಗೂ ಕೇಳುವಂತೆ, ಮರ್ಯಾದೆಯಿಂದ ಹೇಳಬೇಕು. ಎಳೆದಾಡಬಾರದು, ಓಡಬಾರದು, ದನಿ ಏರಿಸಬಾರದು. ಕಸಿದುಕೊಂಡರೆ ಕೊಸರಾಡದೆ ಬಿಟ್ಟುಕೊಟ್ಟು, ಒಪ್ಪಿಗೆ ಇಲ್ಲ ಎಂಬುದನ್ನು ಮತ್ತೊಮ್ಮೆ ಹೇಳಬೇಕು. ಹೊಸ ಸಂಹಿತೆಯ 172ನೇ ಕಲಮಿನಂತೆ ಪೊಲೀಸರ ಆದೇಶ ಪಾಲಿಸುವುದು ಕಡ್ಡಾಯ ಎಂದು ಈಚೆಗೆ ಕೆಲವರು ಹೆದರಿಸುವುದುಂಟು. ಆ ಕಲಂ ಇರುವುದು ಅಪರಾಧ ತಡೆಗೆ ಸಂಬಂಧಿಸಿದ ಅಧ್ಯಾಯದಲ್ಲಿ, ಮತ್ತು ಅದು ಹೇಳುವುದು ಕಾನೂನುಬದ್ಧವಾದ ಆದೇಶಗಳ ಬಗ್ಗೆ.

ಇದರ ಹಿಂದಿರುವ ತತ್ತ್ವವನ್ನು ನಮಗೆ ದೊರಕಿಸಿಕೊಟ್ಟವರು ನಮ್ಮ ಹೈಕೋರ್ಟಿನಿಂದಲೇ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಅವರು ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಅರ್ಜಿಯಿಂದ ಹೊರಟ ಪ್ರಶ್ನೆಯನ್ನು ವಿಚಾರಿಸಿದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಖಾಸಗಿತನ ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಸರ್ಕಾರ ಆ ಹಕ್ಕಿನಲ್ಲಿ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಕೈಹಾಕುವ ಪ್ರಮಾಣ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ರಸ್ತೆ ಬದಿಯ ಫೋನ್ ತಪಾಸಣೆ ಮೊದಲ ಮೆಟ್ಟಿಲಲ್ಲೇ ಎಡವುತ್ತದೆ, ಏಕೆಂದರೆ ಅದಕ್ಕೆ ಬೆನ್ನಾಗಿ ನಿಲ್ಲುವ ಕಾನೂನೇ ಇಲ್ಲ.

ಇನ್ನು ಠಾಣೆಯ ವಿಚಾರ. ಎಫ್‌ಐಆರ್ ಆಗಿದೆ, ನಿಮ್ಮ ತಮ್ಮನನ್ನು ಆರೋಪಿ ಎಂದು ಹೆಸರಿಸಿದ್ದಾರೆ, ಫೋನನ್ನು ಜಪ್ತಿ ಮಾಡಿದ್ದಾರೆ ಎಂದುಕೊಳ್ಳೋಣ. ಫೋನನ್ನು ವಸ್ತುವಾಗಿ ಜಪ್ತಿ ಮಾಡುವ ಅಧಿಕಾರ ಹೊಸ ಸಂಹಿತೆಯ 106ನೇ ಕಲಮಿನಡಿ ಪೊಲೀಸರಿಗೆ ಇದೆ. ಅದನ್ನು ತೆರೆಯಲು ಬೇಕಾದ ಪಾಸ್‌ವರ್ಡನ್ನು ಆರೋಪಿಯೇ ಹೇಳಬೇಕೇ ಎಂಬುದು ಬೇರೆ ಪ್ರಶ್ನೆ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಬೆರಳಚ್ಚು, ಕೈಬರಹದ ಮಾದರಿ ಇವು ಆ ನಿಷೇಧದೊಳಗೆ ಬರುವುದಿಲ್ಲ ಎಂದು 1961ರಲ್ಲಿ ಕಾಠಿ ಕಾಲು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಮುಂದೆ 2010ರ ಮೇ 5ರಂದು, ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮೊದಲಾದವನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಮನಸ್ಸಿನೊಳಗೆ ಇರುವುದನ್ನು ಬಲವಂತವಾಗಿ ಹೊರತೆಗೆಯಬಾರದು ಎಂಬುದು ಅದರ ತಿರುಳು.

ಪಾಸ್‌ವರ್ಡ್ ಈ ಎರಡರಲ್ಲಿ ಯಾವುದನ್ನು ಹೋಲುತ್ತದೆ? 2021ರ ಮಾರ್ಚ್ 12ರಂದು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಅದು ಬೆರಳಚ್ಚಿನಂತೆ, ಅದನ್ನು ಕೊಡುವಂತೆ ನಿರ್ದೇಶಿಸಿದರೆ 20(3)ನೇ ವಿಧಿಯ ಉಲ್ಲಂಘನೆಯಾಗುವುದಿಲ್ಲ ಎಂದರು. ಆ ತೀರ್ಪಿನ ಈ ಭಾಗವನ್ನಷ್ಟೇ ಎತ್ತಿ ಆಡುವವರು ಹೆಚ್ಚು. ಅದರ ಉಳಿದ ಭಾಗವೇ ನಿಮ್ಮ ತಮ್ಮನ ಕೈಗೆ ಬರುವಂಥದ್ದು. ಪೊಲೀಸರು ಪಾಸ್‌ವರ್ಡ್ ಕೇಳಬಹುದು, ಕೊಡುವುದು ಬಿಡುವುದು ಆರೋಪಿಗೆ ಸೇರಿದ್ದು. ಕೊಡದಿದ್ದರೆ ತನಿಖಾಧಿಕಾರಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ವಾರಂಟ್ ಇಲ್ಲದೆ ಫೋನಿನೊಳಗೆ ಶೋಧ ನಡೆಸುವುದು ತುರ್ತು ಸಂದರ್ಭದಲ್ಲಿ ಮಾತ್ರ, ಅದೂ ಕಾರಣವನ್ನು ಬರೆದಿಟ್ಟ ಮೇಲೆ. ಪಾಸ್‌ವರ್ಡಿಗಾಗಿ ಒಪ್ಪಿಗೆಯಿಲ್ಲದೆ ಸುಳ್ಳು ಪತ್ತೆ ಪರೀಕ್ಷೆ ನಡೆಸುವಂತಿಲ್ಲ. ಫೋನಿನಲ್ಲಿ ಸಿಕ್ಕಿದ್ದನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ. ಆದೇಶವಾದ ಮೇಲೂ ಆರೋಪಿ ಒಪ್ಪದಿದ್ದರೆ ನ್ಯಾಯಾಲಯ ಅವನ ವಿರುದ್ಧ ಪ್ರತಿಕೂಲ ಊಹೆ ಮಾಡಿಕೊಳ್ಳಲು, ಅಂದರೆ ಫೋನಿನಲ್ಲಿರುವುದು ಅವನಿಗೆ ವಿರುದ್ಧವಾದದ್ದೇ ಎಂದು ಭಾವಿಸಲು, ಅವಕಾಶವಿದೆ, ಪೊಲೀಸರು ತಜ್ಞರ ನೆರವಿನಿಂದ ಫೋನ್ ತೆರೆಸಬಹುದು. ಹೊಡೆದು ಬಡಿದು ಹೇಳಿಸಲು ಎಲ್ಲಿಯೂ ಅನುಮತಿ ಇಲ್ಲ.

ಪಾಸ್‌ವರ್ಡ್ ಬೆರಳಚ್ಚಿನಂತೆ ಎಂಬ ಭಾಗವನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ಬೆರಳಚ್ಚು ನನ್ನ ಮೈಮೇಲೆ ಇದೆ, ಯಾರು ಬೇಕಾದರೂ ಕಾಣಬಹುದು. ಪಾಸ್‌ವರ್ಡ್ ನನ್ನ ನೆನಪಿನಲ್ಲಿ ಮಾತ್ರ ಇದೆ, ನಾನು ಬಾಯಿಬಿಟ್ಟರೆ ಮಾತ್ರ ಹೊರಬರುತ್ತದೆ. ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯವೊಂದು 2022ರ ಅಕ್ಟೋಬರ್‌ನಲ್ಲಿ ಹೀಗೆಯೇ ಯೋಚಿಸಿ ಪಾಸ್‌ವರ್ಡ್ ಹೇಳುವಂತೆ ಬಲವಂತಪಡಿಸಲಾಗದು ಎಂದಿತು. 2023ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಜಾಮೀನು ಪ್ರಕರಣವೊಂದರಲ್ಲಿ ಅದೇ ದಿಕ್ಕಿನಲ್ಲಿ ನಡೆಯಿತು. ಅದೇ ಸಿಬಿಐ ನ್ಯಾಯಾಲಯ ಬೆರಳು, ಮುಖ ಮೊದಲಾದ ಬಯೋಮೆಟ್ರಿಕ್ ಲಾಕಿನ ವಿಚಾರದಲ್ಲಿ ಆ ರಕ್ಷಣೆ ಕೊಡಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಹಾಗಾಗಿ ನಾನು ಮನೆಯವರಿಗೆಲ್ಲ ಸಂಖ್ಯೆಯ ಲಾಕ್ ಇಟ್ಟುಕೊಳ್ಳಲು ಹೇಳಿದ್ದೇನೆ. ಇನ್ನೊಂದು ಸಣ್ಣ ವಿಷಯ. ದಾಖಲೆಯನ್ನೋ ವಸ್ತುವನ್ನೋ ಹಾಜರುಪಡಿಸಲು ಹೇಳುವ, ಹೊಸ ಸಂಹಿತೆಯ 94ನೇ ಕಲಮಿನ ನೋಟಿಸ್ ಕೊಟ್ಟು ಫೋನ್ ತಂದು ಹಾಜರುಪಡಿಸು ಎನ್ನುವ ಪದ್ಧತಿ ಈಗ ಹೆಚ್ಚಿದೆ. 1898ರ ಸಂಹಿತೆಯಲ್ಲೂ ಇದು 94ನೇ ಕಲಮೇ ಆಗಿತ್ತು, 1973ರಲ್ಲಿ 91 ಆಯಿತು, 2023ರಲ್ಲಿ ತಿರುಗಿ 94ಕ್ಕೆ ಬಂತು. ಈ ಕಲಂ ಆರೋಪಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ಶ್ಯಾಮಲಾಲ್ ಪ್ರಕರಣದಲ್ಲಿ ಹೇಳಿದೆ. ನೋಟಿಸ್ ಬಂದರೆ ಅದರಲ್ಲಿ ನಿಮ್ಮನ್ನು ಸಾಕ್ಷಿ ಎಂದು ಕರೆದಿದ್ದಾರೋ ಆರೋಪಿ ಎಂದೋ ಎಂಬುದನ್ನು ಮೊದಲು ನೋಡಿ, ವಕೀಲರಿಗೆ ತೋರಿಸಿ.

ನಾನು ಇಷ್ಟು ಹಟದಿಂದ ಬರಹ, ಬರಹ ಎನ್ನುವುದಕ್ಕೆ ಕಾರಣವಾದ ಪ್ರಕರಣವೊಂದನ್ನು ಹೇಳುತ್ತೇನೆ. ನನ್ನ ಕಕ್ಷಿದಾರನೊಬ್ಬನ ಫೋನನ್ನು ಸಂಜೆ 7.30ಕ್ಕೆ ಪಂಚರ ಸಮಕ್ಷಮದಲ್ಲಿ ಜಪ್ತಿ ಮಾಡಿ, ಸ್ಥಳದಲ್ಲೇ ಲಕೋಟೆಗೆ ಹಾಕಿ ಮೊಹರು ಮಾಡಿದ್ದಾಗಿ ಮಹಜರಿನಲ್ಲಿ ಬರೆದಿತ್ತು. ಫೋನಿನ ವಿವರದ ಜಾಗದಲ್ಲಿ ‘ಕಪ್ಪು ಬಣ್ಣದ ಟಚ್ ಸ್ಕ್ರೀನ್ ಮೊಬೈಲ್ 1’ ಎಂದಷ್ಟೇ ಇತ್ತು. ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆಯಾದ ಐಎಂಇಐ ಇಲ್ಲ, ಹ್ಯಾಶ್ ಮೌಲ್ಯವೂ ಇಲ್ಲ (ಅದೇನೆಂದು ಮುಂದೆ ಹೇಳುತ್ತೇನೆ). ಆ ರಾತ್ರಿ ಅವನ ಅಕ್ಕ ಗಾಬರಿಯಿಂದ ‘ಎಲ್ಲಿದ್ದೀಯೋ, ಅಮ್ಮ ಊಟ ಮಾಡಿಲ್ಲ’ ಎಂದು 9.40ಕ್ಕೆ ಸಂದೇಶ ಕಳುಹಿಸಿದ್ದಳು. ತಿಂಗಳುಗಳ ನಂತರ ನನ್ನ ಕಚೇರಿಯಲ್ಲಿ ಕುಳಿತು ಅವಳು ಆ ಸಂದೇಶವನ್ನು ಒತ್ತಿ ಹಿಡಿದು ವಿವರ ತೆರೆದಾಗ, ಅದು ರಾತ್ರಿ 11.15ಕ್ಕೆ ಓದಲ್ಪಟ್ಟಿದೆ ಎಂದು ತೋರಿಸಿತು. ಎರಡು ನೀಲಿ ಗುರುತುಗಳು. ಮೊಹರಾದ ಲಕೋಟೆಯೊಳಗಿನ ಫೋನಿನಲ್ಲಿ ಆ ಸಂದೇಶವನ್ನು ಓದಿದವರು ಯಾರು? ಅಕ್ಕನ ಫೋನನ್ನೇ ನ್ಯಾಯಾಲಯಕ್ಕೆ ಹಾಜರುಪಡಿಸಿ ಪಾಟೀ ಸವಾಲಿನಲ್ಲಿ ಈ ಪ್ರಶ್ನೆ ಕೇಳಿದಾಗ ತನಿಖಾಧಿಕಾರಿಯಿಂದ ಉತ್ತರ ಬರಲಿಲ್ಲ. ಜಪ್ತಿಯಾದ ಮೇಲೆ ಬೇರೆಯವರು ಮುಟ್ಟಿದ ಫೋನಿನಲ್ಲಿ ಸಿಕ್ಕ ಸಂದೇಶಗಳನ್ನು ನಂಬುವುದು ಹೇಗೆ ಎಂದು ನ್ಯಾಯಾಧೀಶರು ಕೇಳಿದರು, ನಂಬಲಿಲ್ಲ. ಆ ಹುಡುಗ ಅಷ್ಟರಲ್ಲಿ ನಾಲ್ಕು ತಿಂಗಳು ಜೈಲಿನಲ್ಲಿ ಕಳೆದಿದ್ದ.

ಹ್ಯಾಶ್ ಮೌಲ್ಯ ಎಂದರೆ ಫೋನಿನಲ್ಲಿರುವ ಒಟ್ಟು ಮಾಹಿತಿಯನ್ನು ಲೆಕ್ಕ ಹಾಕಿ ತೆಗೆದ ಅಕ್ಷರ ಮತ್ತು ಅಂಕಿಗಳ ಸರಣಿ. ಒಳಗೆ ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಈಗ ಅದನ್ನು ನಮೂದಿಸಲೇಬೇಕು. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು ಎಂದು ಸಂಹಿತೆಯ 105ನೇ ಕಲಂ ಹೇಳುತ್ತದೆ. ಈ ಎರಡೂ 2024ರ ಜುಲೈ 1ರಿಂದ ಜಾರಿಯಲ್ಲಿವೆ. ಹೊಸ ಕಾನೂನುಗಳ ಬಗ್ಗೆ ನನಗೆ ಹಲವು ತಕರಾರುಗಳಿದ್ದರೂ ಈ ಎರಡನ್ನು ಮನಸಾರೆ ಸ್ವಾಗತಿಸುತ್ತೇನೆ. ಫೋನ್ ಜಪ್ತಿಯಾದರೆ ಮಹಜರಿನಲ್ಲಿ ಐಎಂಇಐ ಬರೆಯಲು ಕೇಳಿ, ಪ್ರತಿ ಕೇಳಿ, ಬರೆದದ್ದನ್ನು ಓದದೆ ಸಹಿ ಹಾಕಬೇಡಿ. ಹೆದರಿ ಸಂದೇಶಗಳನ್ನು ಅಳಿಸಲು ಹೋಗಬೇಡಿ. ಸಾಕ್ಷ್ಯ ನಾಶದ ಆರೋಪ ಹೊಸದಾಗಿ ಸೇರಿಕೊಳ್ಳುತ್ತದೆ. ಫೋನ್ ಮರಳಿ ಪಡೆಯಲು ಅದೇ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಸಂಬಳದ ಖಾತೆ, ಗ್ಯಾಸ್ ಬುಕಿಂಗ್, ಮಗುವಿನ ಶಾಲೆಯ ಗುಂಪು ಎಲ್ಲವೂ ಆ ಒಂದು ಫೋನಿನಲ್ಲಿರುವಾಗ ಅದನ್ನು ವರ್ಷಗಟ್ಟಲೆ ಠಾಣೆಯ ಕಪಾಟಿನಲ್ಲಿ ಇಡುವುದು ತೀರ್ಪಿಗೆ ಮೊದಲೇ ಕೊಡುವ ಶಿಕ್ಷೆ ಎಂದು ಅರ್ಜಿಯಲ್ಲಿ ಬರೆಯಲು ನಾನು ಹಿಂಜರಿಯುವುದಿಲ್ಲ.

ಇಷ್ಟೆಲ್ಲ ಇದ್ದರೂ ಫೋನ್ ಜಪ್ತಿಗೆಂದೇ ಸಂಸತ್ತು ರೂಪಿಸಿದ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ. ಪತ್ರಕರ್ತರ ಸಾಧನಗಳನ್ನು ಜಪ್ತಿ ಮಾಡುವ ಕುರಿತ ಅರ್ಜಿಯ ವಿಚಾರಣೆಯಲ್ಲಿ, 2023ರ ನವೆಂಬರ್ 7ರಂದು, ತನಿಖಾ ಸಂಸ್ಥೆಗಳಿಗೆ ಇಂಥ ಎಲ್ಲೆಯಿಲ್ಲದ ಅಧಿಕಾರ ಅಪಾಯಕಾರಿ ಎಂದು ಸುಪ್ರೀಂ ಕೋರ್ಟ್ ಹೇಳಿ, ಮಾರ್ಗಸೂಚಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅಲ್ಲಿಯವರೆಗೆ ಸಿಬಿಐ ಕೈಪಿಡಿಯನ್ನು ಅನುಸರಿಸುತ್ತೇವೆ ಎಂದು ಕೇಂದ್ರ ಮರುತಿಂಗಳು ಒಪ್ಪಿಕೊಂಡಿತು. ಇನ್ನೊಂದು ಕಡೆ, 2025ರ ಆದಾಯ ತೆರಿಗೆ ಕಾಯ್ದೆಯ 247ನೇ ಕಲಂ ಶೋಧದ ವೇಳೆ ಪಾಸ್‌ವರ್ಡನ್ನು ಮೀರಿ ಕಂಪ್ಯೂಟರ್ ಮತ್ತು ಇಮೇಲ್ ಖಾತೆಗಳೊಳಗೆ ಹೋಗಲು ಅಧಿಕಾರಿಗಳಿಗೆ ನೇರವಾಗಿಯೇ ಅವಕಾಶ ಕೊಡುತ್ತದೆ.

ನಿಮ್ಮ ತಮ್ಮನ ವಿಷಯಕ್ಕೆ ಮರಳುತ್ತೇನೆ. ಎಫ್‌ಐಆರ್ ಇಲ್ಲ, ಫೋನ್ ಅವನ ಬಳಿಯೇ ಇದೆ, ಆದ್ದರಿಂದ ಸದ್ಯಕ್ಕೆ ಹೆದರಬೇಕಾಗಿಲ್ಲ. ಆದರೆ ಆ ರಾತ್ರಿಯ ದಿನಾಂಕ, ಸಮಯ, ಸ್ಥಳ, ಪೊಲೀಸ್ ವಾಹನದ ಸಂಖ್ಯೆ, ಎದೆಯ ಫಲಕದಲ್ಲಿದ್ದ ಹೆಸರು, ಯಾವ ಯಾವ ಆ್ಯಪ್ ತೆರೆದರು, ಅಲ್ಲಿ ಬೇರೆ ಯಾರಿದ್ದರು ಎಂಬುದನ್ನೆಲ್ಲ ಅವನ ಕೈಯಲ್ಲೇ ಬರೆಸಿ ಇಡಿ. ದೂರು ಕೊಡುವ ಮನಸ್ಸಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ, ನಗರವಾದರೆ ಆಯುಕ್ತರಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಪೊಲೀಸ್ ದೂರು ಪ್ರಾಧಿಕಾರಕ್ಕೂ ಬರೆಯಬಹುದು. ತಪಾಸಣೆ ನಡೆದ ಜಾಗದ ಅಕ್ಕಪಕ್ಕದ ಅಂಗಡಿಗಳಲ್ಲಿ ಸಿಸಿಟಿವಿ ಇದ್ದರೆ ದೃಶ್ಯವನ್ನು ಉಳಿಸಿಡುವಂತೆ ಮಾಲೀಕರನ್ನು ನಾಳೆಯೇ ಕೇಳಿಕೊಳ್ಳಿ. ಅಂಗಡಿಯವರ ಯಂತ್ರದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರಲು ಬಹಳ ದಿನ ಬೇಕಾಗುವುದಿಲ್ಲ.